ಸಾಗರದಾಚೆಗೆ ಹಾಕಿದ ಕಾರ್ಡುಗಳು

ಒಬ್ಬ ಮನುಷ್ಯ ಒಂದು ವಾರದಲ್ಲಿ ಎಷ್ಟು ಸಲ ಗಡಿಯಾರ ನೋಡಬಹುದು? ತಡವಾಯಿತೆಂದು ಗಾಬರಿಯಿಂದ ನೋಡಿದ್ದೆಷ್ಟು, ಹೊತ್ತು ಹೋಗದೆ ನೋಡಿದ್ದೆಷ್ಟು, ಯಾವುದೋ ಗೋಡೆಯ ಮೇಲಿದ್ದದ್ದು ಸುಮ್ಮನೆ ಕಣ್ಣಿಗೆ ಬಿದ್ದದ್ದೆಷ್ಟು? 2014ರ ಸೆಪ್ಟೆಂಬರ್ ಮೊದಲ ವಾರ ನ್ಯೂಯಾರ್ಕಿನಲ್ಲಿ ಒಬ್ಬಾಕೆ, ಲಂಡನ್ನಿನಲ್ಲಿ ಇನ್ನೊಬ್ಬಾಕೆ ಇದೇ ಲೆಕ್ಕ ಹಿಡಿದು ಓಡಾಡುತ್ತಿದ್ದರು. ವಾರ ಮುಗಿಯಿತು. ಇಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಪೋಸ್ಟ್‌ಕಾರ್ಡಿನಷ್ಟಗಲದ ಕಾಗದದ ಮೇಲೆ ಬಣ್ಣಬಣ್ಣದ ಗೆರೆ, ಚುಕ್ಕೆಗಳಲ್ಲಿ ಬಿಡಿಸಿದರು. ಹಿಂಬದಿಗೆ ವಿಳಾಸ ಬರೆದು, ಸ್ಟಾಂಪು ಅಂಟಿಸಿ, ಬೀದಿಯ ಅಂಚೆ ಡಬ್ಬಿಗೆ ಹಾಕಿದರು. ಎರಡನೇ ವಾರ ಬೇರೆ ವಿಷಯ: ಬಸ್ಸು, ರೈಲಿನ ಓಡಾಟ. ಮೂರನೇ ವಾರ ಮತ್ತೊಂದು. ಹೀಗೆ 52 ವಾರ.

ನ್ಯೂಯಾರ್ಕಿನಲ್ಲಿದ್ದವರು ಜಾರ್ಜಿಯಾ ಲೂಪಿ. ಲಂಡನ್ನಿನಲ್ಲಿದ್ದವರು ಸ್ಟೆಫನಿ ಪೊಸಾವೆಕ್. ಕೆಲಸಕ್ಕೆ ಅವರು ಇಟ್ಟ ಹೆಸರು ‘ಡಿಯರ್ ಡೇಟಾ’. ದೂರದೂರಿನ ಇಬ್ಬರು ಚಿತ್ರಕಾರರು ಕೂಡಿ ಮಾಡಿದ ಕೆಲಸಗಳಲ್ಲಿ ಇಷ್ಟು ಹಟದಿಂದ, ಇಷ್ಟು ಸರಳವಾಗಿ ನಡೆದದ್ದು ಅಪರೂಪ. ಇಂಟರ್‌ನೆಟ್ಟು ಎಲ್ಲರ ಜೇಬಿಗೂ ಬಂದ ಮೇಲೆ ಇವರು ಅಂಚೆಯವನನ್ನು ನೆಚ್ಚಿಕೊಂಡರು ಎಂಬುದು ಇನ್ನೂ ಅಪರೂಪ.

ಇಬ್ಬರ ಬದುಕೂ ಕನ್ನಡಿಯಲ್ಲಿ ನೋಡಿದ ಹಾಗಿದೆ. ಲೂಪಿ ಇಟಲಿಯ ಹುಡುಗಿ. ವಾಸ್ತುಶಿಲ್ಪ ಓದಿ, ಮಿಲಾನಿನಲ್ಲಿ ಗೆಳೆಯರೊಂದಿಗೆ ‘ಅಕ್ಯುರಾಟ್’ ಎಂಬ ವಿನ್ಯಾಸ ಸಂಸ್ಥೆ ಕಟ್ಟಿ, ಆಮೇಲೆ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದವರು. ಪೊಸಾವೆಕ್ ಅಮೆರಿಕದ ಡೆನ್ವರ್ ಊರಿನವರು. ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಓದಲೆಂದು ಅದೇ ಸಾಗರವನ್ನು ಇತ್ತ ಕಡೆಗೆ ದಾಟಿ ಲಂಡನ್ನಿನಲ್ಲೇ ಉಳಿದವರು. ಇಬ್ಬರಿಗೂ ಒಂದೇ ಪ್ರಾಯ. ಇಬ್ಬರೂ ತಂದೆತಾಯಿಗೆ ಒಬ್ಬರೇ ಮಕ್ಕಳು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಡೆಯುತ್ತಿದ್ದ ‘ಐಯೋ’ ಎಂಬ ಉತ್ಸವದಲ್ಲಿ ಪರಿಚಯವಾಯಿತು. ಕೆಲಸ ಶುರುವಾಗುವ ಮೊದಲು ಇಬ್ಬರೂ ಮುಖಾಮುಖಿ ಕಂಡದ್ದು ಎರಡೇ ಸಲ. ಆಪ್ತ ಗೆಳತಿಯರು ಸೇರಿ ಮಾಡಿದ ಕೆಲಸವಲ್ಲ ಇದು. ಕೆಲಸ ಮಾಡುತ್ತ ಮಾಡುತ್ತ ಗೆಳೆತನವಾಯಿತು.

ಇಬ್ಬರಿಗೂ ಅಂಟಿಕೊಂಡಿದ್ದ ಗುಣವೊಂದಿತ್ತು: ಅಂಕಿಸಂಖ್ಯೆ ಕಂಡರೆ ಪೆನ್ಸಿಲ್ ಹುಡುಕುವುದು. ಪೊಸಾವೆಕ್ ಎಂ.ಎ. ಓದುವಾಗ ಜ್ಯಾಕ್ ಕೆರೂಆಕ್‌ನ ‘ಆನ್ ದಿ ರೋಡ್’ ಕಾದಂಬರಿಯನ್ನು ಕೈಯಲ್ಲಿ ಹಿಡಿದು, ವಾಕ್ಯ ವಾಕ್ಯಕ್ಕೂ ಬಣ್ಣದ ಗುರುತು ಹಾಕಿ, ಪದ ಎಣಿಸಿ, ಅದರ ಒಂದು ಭಾಗವನ್ನು ಕವಲೊಡೆದ ಗಿಡದಂತೆ ಚಿತ್ರಿಸಿದ್ದರು. ಎಣಿಸಲು ಕಂಪ್ಯೂಟರ್ ಪ್ರೋಗ್ರಾಂ ಬರೆಸಿಕೊಳ್ಳಬಹುದಿತ್ತು, ಅವರು ಬರೆಸಲಿಲ್ಲ. ಲೂಪಿ ಮತ್ತು ಅವರ ಸಂಗಡಿಗರು ಇಟಲಿಯ ‘ಕೊರಿಯೆರೆ ದೆಲ್ಲಾ ಸೆರಾ’ ಪತ್ರಿಕೆಯ ಭಾನುವಾರದ ಪುರವಣಿ ‘ಲಾ ಲೆತ್ತುರಾ’ಕ್ಕೆ ಪುಟ ತುಂಬುವ ಮಾಹಿತಿ ಚಿತ್ರಗಳನ್ನು ಮಾಡಿಕೊಡುತ್ತಿದ್ದರು. ನೊಬೆಲ್ ಪಡೆದವರು ಎಷ್ಟನೇ ವಯಸ್ಸಿನಲ್ಲಿ ಪಡೆದರು, ಎಲ್ಲಿ ಓದಿದವರು ಎಂಬಂಥ ವಿಷಯಗಳು. ಕುತೂಹಲವಿದ್ದ ಓದುಗನಿಗೆ ಒಂದು ಭಾನುವಾರಕ್ಕೆ ಸಾಲುವಷ್ಟು ವಿವರ ಅವುಗಳಲ್ಲಿರುತ್ತಿತ್ತು.

ಇಂಥವರನ್ನು ಮಾಹಿತಿ ವಿನ್ಯಾಸಕರು ಎಂದು ಕರೆಯುವುದು ವಾಡಿಕೆ. ಆದರೆ ಈ ಕಾರ್ಡುಗಳನ್ನು ನೋಡಿದರೆ ಅವರು ಚಿತ್ರಕಾರರೇ ಅಲ್ಲವೇ ಎಂಬ ಅನುಮಾನ ಉಳಿಯದು.

ಆಟದ ನಿಯಮಗಳು ಕೆಲವೇ. ವಾರಕ್ಕೊಂದು ವಿಷಯ, ಇಬ್ಬರಿಗೂ ಅದೇ. ಏಳು ದಿನ ಲೆಕ್ಕ ಇಡಬೇಕು. ಫೋನಿನಲ್ಲಿ ಗುರುತು ಹಾಕಿಕೊಳ್ಳುವುದೋ, ಚೀಟಿಯಲ್ಲಿ ಗೀಚಿಕೊಳ್ಳುವುದೋ ಅವರವರಿಗೆ ಬಿಟ್ಟದ್ದು. ವಾರ ಮುಗಿದ ಮೇಲೆ ಚಿತ್ರ ಬಿಡಿಸಬೇಕು, ಅದೂ ಕೈಯಿಂದಲೇ. ಮುಂಬದಿಯಲ್ಲಿ ಚಿತ್ರ ಮಾತ್ರ. ಹಿಂಬದಿಯಲ್ಲಿ ವಿಳಾಸ, ಸ್ಟಾಂಪು, ಜೊತೆಗೆ ಚಿತ್ರವನ್ನು ಓದುವ ಬಗೆ. ಕೆಂಪು ಅಂದರೆ ಯಾರು, ಉದ್ದ ಗೆರೆ ಅಂದರೆ ಏನು, ಗೆರೆಯ ತುದಿಗೊಂದು ಚುಕ್ಕೆ ಇದ್ದರೆ ಯಾವ ಮನಸ್ಥಿತಿ ಎಂಬ ಸೂಚಿ. ಕಾರ್ಡು ಕೈಗೆ ಬಂದಾಗ ಮೊದಲು ಕಾಣುವುದು ಚೆಂದದ ಒಂದು ವಿನ್ಯಾಸ. ಹಣತೆಗಳ ಸಾಲೋ, ಹೂವಿನ ಪಕಳೆಯೋ, ಸಂಗೀತದ ಸ್ವರಲಿಪಿಯೋ ಅನ್ನಿಸಬಹುದು. ತಿರುಗಿಸಿ ಸೂಚಿ ಓದಿ, ಮತ್ತೆ ಮುಂಬದಿಗೆ ಬಂದಾಗಲೇ ಅದು ಯಾರದೋ ಒಂದು ಮಂಗಳವಾರದ ಮಧ್ಯಾಹ್ನ ಎಂದು ಗೊತ್ತಾಗುವುದು. ಎರಡೂ ಬದಿ ಒಟ್ಟಿಗೆ ಕಾಣುವುದಿಲ್ಲವಾದ್ದರಿಂದ ಓದುವವರು ಕಾರ್ಡನ್ನು ಹತ್ತಾರು ಸಲ ತಿರುವಿಹಾಕಲೇಬೇಕು. ಪರದೆಯ ಮೇಲೆ ನೋಡಿದರೆ ಈ ಸುಖ ಇಲ್ಲ.

ವಿಷಯಗಳ ಪಟ್ಟಿಯಲ್ಲಿ ಮೊದಮೊದಲು ಸುಲಭವಾಗಿ ಎಣಿಸಲು ಬರುವಂಥವಿದ್ದವು. ಗಡಿಯಾರ ನೋಡಿದ್ದು, ಧನ್ಯವಾದ ಹೇಳಿದ್ದು, ಕನ್ನಡಿಯಲ್ಲಿ ಮುಖ ನೋಡಿಕೊಂಡದ್ದು, ಕೊಂಡ ಸಾಮಾನು, ಗೊಣಗಿದ್ದು, ಫೋನಿಗೆ ಕೈ ಹಾಕಿದ್ದು. ಬರಬರುತ್ತ ನಗು, ಹೊಟ್ಟೆಕಿಚ್ಚು, ತೀರ್ಮಾನಕ್ಕೆ ಬರಲಾಗದ ಗಳಿಗೆಗಳು ಸೇರಿಕೊಂಡವು. ಹೊಟ್ಟೆಕಿಚ್ಚಿನ ಲೆಕ್ಕವನ್ನು ಒಪ್ಪವಾಗಿ ಬಿಡಿಸಿ, ಲಕೋಟೆಯನ್ನೂ ಹಾಕದೆ, ಬಿಚ್ಚುಕಾರ್ಡಿನಲ್ಲಿ ಸಾಗರದಾಚೆಗೆ ಕಳಿಸಲು ಧೈರ್ಯ ಬೇಕು. ಅಂಚೆಯವನು ನೋಡಬಹುದು, ಮನೆಯವರು ನೋಡಬಹುದು. ಆದರೆ ಸೂಚಿಯನ್ನು ತಾಳ್ಮೆಯಿಂದ ಓದದವರಿಗೆ ಅದು ಬರೀ ಬಣ್ಣದ ಚಿತ್ತಾರ. ಗುಟ್ಟು ಬಯಲಲ್ಲೇ ಹೋಗುತ್ತಿತ್ತು.

ಧನ್ಯವಾದದ ವಾರವನ್ನೇ ನೋಡಿ. ಎಷ್ಟು ಸಲ ಹೇಳಿದೆ ಎಂದು ಎಣಿಸಿದರೆ ಒಂದು ಅಂಕಿ ಸಿಗುತ್ತದೆ, ಅಷ್ಟೇ. ಅದರಿಂದ ಚಿತ್ರ ಆಗುವುದಿಲ್ಲ. ಗುರುತಿದ್ದವರಿಗೋ ಇಲ್ಲದವರಿಗೋ, ಮನಸಾರೆಯೋ ಬಾಯಿಮಾತಿಗೋ, ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಗಳನ್ನು ಮೊದಲೇ ಕೇಳಿಕೊಂಡಿದ್ದರೆ ಮಾತ್ರ ಅಂಕಿಗೆ ಮೈ ಬರುತ್ತದೆ. ಒಂದೇ ವಿಷಯಕ್ಕೆ ಇಬ್ಬರೂ ಬೇರೆ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಇಬ್ಬರ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಮಜಾ ಇರುವುದೇ ಅಲ್ಲಿ. ಕನ್ನಡದ ಮನೆಗಳಲ್ಲಿ ಇಂಥ ಲೆಕ್ಕ ಇಟ್ಟಿದ್ದರೆ ಧನ್ಯವಾದದ ಕಾರ್ಡು ಬಹುಪಾಲು ಖಾಲಿಯೇ ಹೋಗುತ್ತಿತ್ತು. ಅನ್ನ ಬಡಿಸಿದ ಅಮ್ಮನಿಗೆ ಥ್ಯಾಂಕ್ಸ್ ಹೇಳಿದರೆ ಅವಳು ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಾಳೆ. ಗೊಣಗಾಟದ ವಾರಕ್ಕಾದರೆ ಒಂದು ಕಾರ್ಡು ಸಾಲುತ್ತಿರಲಿಲ್ಲ.

ಲೆಕ್ಕ ಇಡುವುದರಲ್ಲೇ ಒಂದು ತೊಡಕಿದೆ, ಇಬ್ಬರೂ ಅದನ್ನು ಒಪ್ಪಿಕೊಂಡಿದ್ದಾರೆ. ಎಣಿಸುತ್ತಿದ್ದೇನೆ ಎಂಬ ಅರಿವೇ ನಡತೆಯನ್ನು ಬದಲಿಸುತ್ತದೆ. ಗೊಣಗುವ ಮುನ್ನ ಇದನ್ನೂ ಬರೆದುಕೊಳ್ಳಬೇಕಲ್ಲ ಎಂದು ನೆನಪಾದರೆ ಗೊಣಗಾಟ ಅರ್ಧಕ್ಕೇ ನಿಲ್ಲುತ್ತದೆ. ಶುದ್ಧ ವಿಜ್ಞಾನದ ಕಣ್ಣಿಗೆ ಇದು ದೋಷ. ಲೂಪಿ, ಪೊಸಾವೆಕ್ ಅದನ್ನು ದೋಷವೆಂದು ಮುಚ್ಚಿಡಲಿಲ್ಲ. ಮರೆತದ್ದು, ತಪ್ಪಿಹೋದದ್ದು ಕೂಡ ಅಂದಿನ ಬದುಕಿನ ಭಾಗವೇ ಎಂದು ಅದನ್ನೂ ಕಾರ್ಡಿಗೆ ಸೇರಿಸುತ್ತಿದ್ದರು.

ಆ ಹೊತ್ತಿಗೆ ಜಗತ್ತಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನೂ ನೆನೆಯಬೇಕು. ‘ಬಿಗ್ ಡೇಟಾ’ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ನಡೆದ ಹೆಜ್ಜೆ ಎಣಿಸುವ ಪಟ್ಟಿಗಳು ಮಣಿಕಟ್ಟಿಗೆ ಬಂದಿದ್ದವು. ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಜನರ ಫೋನು, ಇಮೇಲ್ ವಿವರಗಳನ್ನು ರಾಶಿ ಹಾಕಿಕೊಳ್ಳುತ್ತಿದೆ ಎಂಬುದನ್ನು ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲಿಗೆಳೆದಿದ್ದರು. ಪೊಸಾವೆಕ್‌ಗೆ ಈ ಲೋಕ ಒಳಗಿನಿಂದಲೇ ಗೊತ್ತಿತ್ತು. ಫೇಸ್‌ಬುಕ್ಕಿನ ಕ್ಯಾಲಿಫೋರ್ನಿಯಾ ಕಚೇರಿಯಲ್ಲಿ ಕೆಲಕಾಲ ನಿವಾಸಿ ಕಲಾವಿದೆಯಾಗಿದ್ದು, ಜೋಡಿಗಳು ಅಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡದ್ದನ್ನು ನೆಲದ ಮೇಲೆ ಇಡಬೇಕಾದ ನೃತ್ಯದ ಹೆಜ್ಜೆಗಳಾಗಿ ಬಿಡಿಸಿದ್ದರು. ಕಂಪನಿಗಳು ಯಂತ್ರಗಳಿಂದ ಕಲೆಹಾಕುವುದನ್ನೇ ಇಬ್ಬರು ಹೆಂಗಸರು ತಮ್ಮ ಇಷ್ಟದಿಂದ, ತಮ್ಮ ಕೈಯಿಂದ, ಒಬ್ಬರಿಗೊಬ್ಬರು ತೋರಿಸಿಕೊಳ್ಳಲೆಂದು ಕಲೆಹಾಕಿದರೆ ಏನಾದೀತು? ಅವರು ತಮ್ಮ ಕೆಲಸವನ್ನು ‘ನಿಧಾನದ ಡೇಟಾ’ ಎಂದು ಕರೆದುಕೊಂಡರು.

ನಿಧಾನ ಎಂದರೆ ನಿಜವಾಗಿಯೂ ನಿಧಾನ. ಲಂಡನ್ನಿಗೂ ನ್ಯೂಯಾರ್ಕಿಗೂ ಗಡಿಯಾರದಲ್ಲಿ ಐದು ಗಂಟೆಯ ಅಂತರ, ಅಂಚೆಗೆ ದಿನಗಟ್ಟಲೆಯದು. ಡಬ್ಬಿಗೆ ಹಾಕಿದ ಕಾರ್ಡು ಯಂತ್ರಗಳ ಹಲ್ಲಿಗೆ ಸಿಕ್ಕಿ, ಚೀಲಗಳಲ್ಲಿ ಉಜ್ಜಿ, ಮಳೆಯಲ್ಲಿ ನೆನೆದು, ಬಣ್ಣ ಕದಡಿ, ಚಿತ್ರದ ಮೇಲೆಯೇ ಅಂಚೆಯ ಮುದ್ರೆ ಬಿದ್ದು ತಲುಪುತ್ತಿತ್ತು. ಕೆಲವು ತಲುಪಲೇ ಇಲ್ಲ. ಗಂಟೆಗಟ್ಟಲೆ ಕೂತು ಬಿಡಿಸಿದ ಚಿತ್ರವನ್ನು ಒಂದು ರಟ್ಟಿನ ರಕ್ಷಣೆಯೂ ಇಲ್ಲದೆ ಕಳಿಸುವುದು ಯಾವ ಚಿತ್ರಕಾರನಿಗಾದರೂ ಹೊಟ್ಟೆ ಉರಿಯುವ ಸಂಗತಿ. ಇವರಿಬ್ಬರೂ ಆ ಗೀರು, ಆ ಕಲೆಗಳನ್ನು ಕಾರ್ಡು ಮಾಡಿದ ಪ್ರಯಾಣದ ಲೆಕ್ಕವೆಂದೇ ಒಪ್ಪಿಕೊಂಡರು.

ಈ ಆಟ ಕನ್ನಡಿಗರಿಗೆ ತೀರಾ ಹೊಸದೇನಲ್ಲ. ಭಾರತದಲ್ಲಿ ಪೋಸ್ಟ್‌ಕಾರ್ಡು ಬಂದದ್ದು 1879ರ ಜುಲೈ ತಿಂಗಳಲ್ಲಿ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗುತ್ತಿದ್ದ ಆ ಕಾರ್ಡುಗಳಿಗೆ ಅವುಗಳದೇ ಒಂದು ಚಿತ್ರಭಾಷೆ ಇತ್ತು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ್ದರೆ ಮದುವೆಯೋ ಮುಂಜಿಯೋ ಎಂದು ಅಕ್ಷರ ಬಾರದ ಅಜ್ಜಿಗೂ ತಿಳಿಯುತ್ತಿತ್ತು. ಬರೆದವರು, ಓದುವವರು ಇಬ್ಬರಿಗೂ ಗೊತ್ತಿರುವ ಒಂದು ಗುರುತು, ಮಿಕ್ಕದ್ದು ಬರಹದಲ್ಲಿ.

ಇಬ್ಬರ ಕೈಯೂ ಬೇರೆ. ಲೂಪಿಯವರ ಕಾರ್ಡುಗಳಲ್ಲಿ ವಿವರಗಳು ಕಿಕ್ಕಿರಿದಿರುತ್ತವೆ. ಒಂದು ಗುರುತಿನ ಮೇಲೆ ಇನ್ನೊಂದು, ಅದರ ಪಕ್ಕ ಮತ್ತೊಂದು, ಎಲ್ಲ ಪುಟ್ಟಪುಟ್ಟದಾಗಿ. ಪೊಸಾವೆಕ್ ಬಿಡುವ ಜಾಗ ಹೆಚ್ಚು. ಒಂದೇ ಆಕಾರವನ್ನು ಹಿಡಿದು ಅದನ್ನೇ ಬಣ್ಣ ಬದಲಿಸಿ ಸಾಲಾಗಿ ಜೋಡಿಸುವುದು ಅವರಿಗೆ ಇಷ್ಟ. ವರ್ಷ ಕಳೆದ ಹಾಗೆ ಒಬ್ಬರ ಚಾಳಿ ಇನ್ನೊಬ್ಬರಿಗೆ ಒಂದಿಷ್ಟು ಅಂಟಿತೆಂದು ಕಾಣುತ್ತದೆ. ಆದರೆ ಕಡೆಯವರೆಗೂ ಯಾರ ಕಾರ್ಡು ಯಾರದೆಂದು ಹೇಳಲು ಹೆಸರು ನೋಡಬೇಕಿಲ್ಲ. ಐವತ್ತೆರಡನೇ ವಾರದ ವಿಷಯ ‘ವಿದಾಯ’.

ಎಲ್ಲ ಸೇರಿ 104 ಕಾರ್ಡು. 2015ರಲ್ಲಿ ಮಾಹಿತಿ ಚಿತ್ರಗಳಿಗೆ ಕೊಡುವ ‘ಇನ್ಫರ್ಮೇಶನ್ ಈಸ್ ಬ್ಯೂಟಿಫುಲ್’ ಪ್ರಶಸ್ತಿಗಳಲ್ಲಿ ಅತ್ಯಂತ ಸುಂದರ ಕೃತಿ ಎಂಬ ಗೌರವ ಬಂತು. 2016ರಲ್ಲಿ ಪುಸ್ತಕವಾಯಿತು. ಅದೇ ವರ್ಷ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮೂಲ ಕಾರ್ಡುಗಳನ್ನು ತನ್ನ ಕಾಯಂ ಸಂಗ್ರಹಕ್ಕೆ ತೆಗೆದುಕೊಂಡಿತು. 2018ರಲ್ಲಿ ಓದುಗರೇ ಲೆಕ್ಕ ಇಟ್ಟು ಬಿಡಿಸಲೆಂದು ಇಬ್ಬರೂ ಸೇರಿ ಒಂದು ಅಭ್ಯಾಸ ಪುಸ್ತಕ ತಂದರು. ಆಮೇಲೆ ದಾರಿ ಬೇರೆಯಾಯಿತು. ಪೊಸಾವೆಕ್ ಬರಹಗಾರ್ತಿ ಮಿರಿಯಮ್ ಕ್ವಿಕ್ ಜೊತೆ ಮಕ್ಕಳಿಗಾಗಿ ಮಾಡಿದ ವಿಜ್ಞಾನದ ಪುಸ್ತಕಕ್ಕೆ ರಾಯಲ್ ಸೊಸೈಟಿಯ 2021ರ ಮಕ್ಕಳ ಪುಸ್ತಕ ಬಹುಮಾನ ಬಂತು. ಲೂಪಿ 2019ರಲ್ಲಿ ‘ಪೆಂಟಾಗ್ರಾಮ್’ ಎಂಬ ಹೆಸರಾಂತ ವಿನ್ಯಾಸ ಸಂಸ್ಥೆಯ ಪಾಲುದಾರರಾದರು. 2020ರಲ್ಲಿ ಕೋವಿಡ್ ತಗುಲಿ, ಅದರ ಬೇನೆ ವರ್ಷಗಟ್ಟಲೆ ಬಿಡದೆ ಕಾಡಿದಾಗ ಅವರು ಮಾಡಿದ್ದು ಅದೇ ಹಳೆಯ ಕೆಲಸ: ದಿನದಿನದ ಲೆಕ್ಕ ಇಟ್ಟರು. 1,374 ದಿನಗಳ ಆ ಕಾಯಿಲೆಯ ಕಥೆ ಕುಂಚದ ಗೀಟುಗಳಾಗಿ 2023ರ ಡಿಸೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಪ್ರಕಟವಾಯಿತು.

ಇಬ್ಬರು ಚಿತ್ರಕಾರರು ಕೂಡಿ ಕೆಲಸ ಮಾಡುವುದು ಇಷ್ಟು ಸಲೀಸಾಗಿ ನಡೆಯುವುದು ಕಡಿಮೆ. ಕತೆಗಾರ, ಚಿತ್ರಕಾರ ಕೂಡಿದರೆ ಗಡಿ ತಾನೇ ತಾನಾಗಿ ಇರುತ್ತದೆ: ಮಾತು ನಿನ್ನದು, ಚಿತ್ರ ನನ್ನದು. ಅಲ್ಲೂ ಜಗಳ ತಪ್ಪದೆಂದೇ ಅಮೆರಿಕದ ಮಕ್ಕಳ ಪುಸ್ತಕ ಲೋಕದಲ್ಲಿ ಸಂಪಾದಕರು ಇಬ್ಬರ ನಡುವೆ ನಿಂತು, ನೇರ ಮಾತುಕತೆಗೆ ಆಸ್ಪದ ಕೊಡದಿರುವುದು ರೂಢಿ. ಭಾರತದ ‘ಜುಬಾನ್’ ಪ್ರಕಾಶನ 2014ರಲ್ಲಿ ತಂದ ‘ಈಟ್ ದಿ ಸ್ಕೈ, ಡ್ರಿಂಕ್ ದಿ ಓಶನ್’ ಸಂಕಲನ ಹೀಗೆ ಮಾತು, ಚಿತ್ರ ಕೂಡಿದ ಬಗೆಯದು. 2012ರಲ್ಲಿ ದೆಹಲಿಯಲ್ಲೂ ಮೆಲ್ಬರ್ನಿನಲ್ಲೂ ಯುವತಿಯರ ಮೇಲೆ ನಡೆದ ಹತ್ಯೆಗಳ ನೋವಿನಿಂದ ಹುಟ್ಟಿದ ಆ ಪುಸ್ತಕದಲ್ಲಿ ಭಾರತದ, ಆಸ್ಟ್ರೇಲಿಯಾದ ಬರಹಗಾರರನ್ನೂ ಚಿತ್ರಕಾರರನ್ನೂ ಜೋಡಿ ಮಾಡಲಾಗಿತ್ತು. ಆಸ್ಟ್ರೇಲಿಯಾದ ಕೇಟ್ ಕಾನ್‌ಸ್ಟೆಬಲ್ ಬರೆದದ್ದಕ್ಕೆ ನಮ್ಮ ಪ್ರಿಯಾ ಕುರಿಯನ್ ಚಿತ್ರ. ನಮ್ಮ ಆನಿ ಜೈದಿ ಬರೆದದ್ದಕ್ಕೆ ಅಲ್ಲಿನ ಮ್ಯಾಂಡಿ ಆರ್ಡ್ ಚಿತ್ರ.

ಇಬ್ಬರ ಕೈಯಲ್ಲೂ ಕುಂಚ ಇದ್ದಾಗ ಈ ಗಡಿ ಇರುವುದಿಲ್ಲ. ಒಬ್ಬರ ಗೆರೆ ಸಲೀಸು, ಇನ್ನೊಬ್ಬರದು ಒರಟು; ಒಬ್ಬರಿಗೆ ಖಾಲಿ ಜಾಗ ಬೇಕು, ಇನ್ನೊಬ್ಬರಿಗೆ ಅದು ಕಂಡರೆ ಆಗದು. ಪ್ಯಾರಿಸಿನ ಸರ್ರಿಯಲಿಸ್ಟ್ ಪಂಥದ ಕಲಾವಿದರು 1925ರ ಸುಮಾರಿಗೆ ಇದಕ್ಕೊಂದು ಚಮತ್ಕಾರದ ಪರಿಹಾರ ಕಂಡುಕೊಂಡಿದ್ದರು. ಒಬ್ಬ ತಲೆ ಬಿಡಿಸಿ ಕಾಗದ ಮಡಿಸುತ್ತಾನೆ, ಕತ್ತಿನ ಎರಡು ಗೆರೆ ಮಾತ್ರ ಹೊರಗೆ ಕಾಣುತ್ತದೆ. ಅದನ್ನು ಹಿಡಿದು ಮುಂದಿನವನು ಮೈ ಬಿಡಿಸುತ್ತಾನೆ, ಅದರ ಮುಂದಿನವನು ಕಾಲು. ಬಿಚ್ಚಿದಾಗ ಯಾರೂ ಎಣಿಸದ ಪ್ರಾಣಿ. ಒಂದೇ ಮೇಜಿನ ಸುತ್ತ ಕೂತವರು ಮಡಿಕೆಯೊಂದರಿಂದ ದೂರವನ್ನು ಸೃಷ್ಟಿಸಿಕೊಂಡಿದ್ದರು. ನ್ಯೂಯಾರ್ಕ್, ಲಂಡನ್ನಿನವರಿಗೆ ಆ ಮಡಿಕೆಯ ಅಗತ್ಯವಿರಲಿಲ್ಲ. ನಡುವೆ ಸಾಗರವೇ ಇತ್ತು.

ಇದೇ ಕಷ್ಟವನ್ನು ಇನ್ನೊಂದು ಜೋಡಿ ಬಗೆಹರಿಸಿಕೊಂಡ ಬಗೆ ಇನ್ನೂ ಸೊಗಸಾದುದು. ಅಮೆರಿಕದ ಎರಿಕ್ ಕಾರ್ಲ್ ಹೆಸರು ಕೇಳದವರೂ ಅವರ ಹಸಿದ ಕಂಬಳಿಹುಳುವನ್ನು ಕಂಡಿರುತ್ತಾರೆ. ಹಣ್ಣುಗಳಲ್ಲಿ ತೂತು ಕೊರೆಯುತ್ತ ಪುಟದಿಂದ ಪುಟಕ್ಕೆ ಹೋಗಿ ಕೊನೆಗೆ ಚಿಟ್ಟೆಯಾಗುವ ಹುಳು. 1969ರ ಆ ಪುಸ್ತಕದ ಮೊದಲ ಮುದ್ರಣ ಆದದ್ದು ಜಪಾನಿನಲ್ಲಿ. ಒಂದೊಂದು ಪುಟ ಒಂದೊಂದು ಅಗಲ, ಮೇಲೆ ತೂತು ಬೇರೆ. ಕೈಗೆಟಕುವ ಖರ್ಚಿನಲ್ಲಿ ಅದನ್ನು ಮಾಡಿಕೊಡುವ ಮುದ್ರಕರು ಅಮೆರಿಕದಲ್ಲಿ ಸಿಗಲಿಲ್ಲ. ಅಲ್ಲಿಂದ ಶುರುವಾದ ಜಪಾನಿನ ನಂಟು ಕಾರ್ಲ್ ಅವರನ್ನು ಬಿಡಲಿಲ್ಲ. ಆ ದೇಶದಲ್ಲಿ ಚಿತ್ರಪುಸ್ತಕಗಳಿಗೆಂದೇ ಇರುವ ಮ್ಯೂಸಿಯಂಗಳನ್ನು ನೋಡಿ ಬಂದ ಮೇಲೆಯೇ ಅವರು ಮತ್ತು ಅವರ ಪತ್ನಿ ಮ್ಯಾಸಚೂಸೆಟ್ಸಿನ ಆಮ್‌ಹರ್ಸ್ಟ್‌ನಲ್ಲಿ ಅಂಥದೊಂದನ್ನು ಕಟ್ಟಿದ್ದು; 2002ರಲ್ಲಿ ಅದು ತೆರೆಯಿತು.

ಜಪಾನಿನ ಕಜುವೊ ಇವಾಮುರಾ ಅವರದು ಬೇರೆಯೇ ಲೋಕ. ಟೋಕಿಯೊದಲ್ಲಿ ಹುಟ್ಟಿ, ನಗರ ಬಿಟ್ಟು ತೋಚಿಗಿ ಪ್ರಾಂತ್ಯದ ಕಾಡಿನಂಚಿಗೆ ಬಂದು ನೆಲೆಸಿದವರು. ಅಜ್ಜ ಅಜ್ಜಿ, ಅಪ್ಪ ಅಮ್ಮ, ಹತ್ತು ಮಕ್ಕಳು ಹೀಗೆ 14 ಇಲಿಗಳ ಒಂದು ಕೂಡುಕುಟುಂಬ ಕಾಡಿನಲ್ಲಿ ಬಾಳುವ ಕತೆಯ ಮಾಲಿಕೆ ಅವರಿಗೆ ಹೆಸರು ತಂದಿತು. ಜಲವರ್ಣ, ನವಿರು ಗೆರೆ, ಎಲೆಯ ನರವೂ ಕಾಣುವಂಥ ನಿಗಾ. ಕಾರ್ಲ್ ಅವರದು ತದ್ವಿರುದ್ಧ. ತೆಳು ಟಿಶ್ಯೂ ಕಾಗದಕ್ಕೆ ಮೊದಲು ಬಣ್ಣ ಬಳಿದು, ಕುಂಚದ ಹಿಡಿಯಿಂದಲೋ ಬೆರಳಿನಿಂದಲೋ ಅದರ ಮೇಲೆ ಗೀರು ಎಳೆದು, ಒಣಗಿದ ಮೇಲೆ ಕತ್ತರಿಸಿ ಅಂಟಿಸುವ ದಪ್ಪ ದಪ್ಪ ಆಕಾರಗಳು. ಇಬ್ಬರೂ ಸೇರಿ ಮಾಡಲು ಹೊರಟದ್ದು ಎರಡು ನಾಯಿಗಳ ಚಿತ್ರಪುಸ್ತಕ. ಈ ಎರಡು ಶೈಲಿಗಳನ್ನು ಒಂದೇ ಪುಟದಲ್ಲಿ ಇಟ್ಟರೆ ಇವಾಮುರಾ ಅವರ ನಾಯಿ ಕಾರ್ಲ್ ಅವರ ನಾಯಿಯ ಪಕ್ಕ ಪೇಲವವಾಗಿ ಕಾಣುತ್ತಿತ್ತು.

ಅವರು ಇಡಲಿಲ್ಲ. ಇಂಗ್ಲಿಷ್ ಪುಸ್ತಕ ಎಡದಿಂದ ತೆರೆಯುತ್ತದೆ. ಮೇಲಿಂದ ಕೆಳಕ್ಕೆ ಬರೆಯುವ ಜಪಾನಿ ಪುಸ್ತಕ ಬಲದಿಂದ. ಸಾಮಾನ್ಯವಾಗಿ ಅನುವಾದ ಮಾಡುವಾಗ ಪ್ರಕಾಶಕರಿಗೆ ತಲೆನೋವು ತರುವ ಈ ವ್ಯತ್ಯಾಸವನ್ನೇ ಇಬ್ಬರೂ ಬಂಡವಾಳ ಮಾಡಿಕೊಂಡರು. ಒಂದು ಬದಿಯಿಂದ ಕಾರ್ಲ್ ಅವರ ನಾಯಿ ಹೊರಡುತ್ತದೆ, ಎಲ್ಲಿಗೆ ಹೊರಟೆ ಎಂದು ದಾರಿಯಲ್ಲಿ ಸಿಕ್ಕವರು ಕೇಳುತ್ತಾರೆ, ಗೆಳೆಯನನ್ನು ನೋಡಲು ಎಂದು ಉತ್ತರ, ಅವರೂ ಜೊತೆಯಾಗುತ್ತಾರೆ. ಇನ್ನೊಂದು ಬದಿಯಿಂದ ಇವಾಮುರಾ ಅವರ ನಾಯಿ ಅದೇ ರೀತಿ, ಅದೇ ಮಾತನ್ನು ಜಪಾನಿಯಲ್ಲಿ ಆಡುತ್ತ ಬರುತ್ತದೆ. ಪುಸ್ತಕದ ನಟ್ಟನಡುವೆ ಮಡಿಕೆ ಬಿಚ್ಚಿದರೆ ಅಗಲವಾಗಿ ಹರಡಿಕೊಳ್ಳುವ ಪುಟಗಳಲ್ಲಿ ಎರಡು ಗುಂಪೂ ಎದುರಾಗುತ್ತವೆ. ಅಲ್ಲಿಯವರೆಗೆ ಒಬ್ಬರ ಚಿತ್ರ ಇನ್ನೊಬ್ಬರದಕ್ಕೆ ತಾಗುವುದೇ ಇಲ್ಲ. ಈ ಪುಸ್ತಕ ಜಪಾನಿನಲ್ಲಿ 2001ರಲ್ಲಿ, ಅಮೆರಿಕದಲ್ಲಿ 2003ರಲ್ಲಿ ಬಂತು. ಹಿಂದಿನ ರಟ್ಟು ಎಂಬುದು ಅದಕ್ಕಿಲ್ಲ, ಎರಡೂ ಮುಂದಿನವೇ. ಮಗು ಪುಸ್ತಕವನ್ನು ಹೇಗೆ ಹಿಡಿದುಕೊಂಡರೂ ಸರಿಯಾಗಿಯೇ ಹಿಡಿದುಕೊಂಡಿರುತ್ತದೆ. ಕಾರ್ಲ್ 2021ರಲ್ಲಿ, ಇವಾಮುರಾ 2024ರಲ್ಲಿ ತೀರಿಕೊಂಡರು.

ಬ್ರಿಟನ್ನಿನ ಆಂಟನಿ ಬ್ರೌನ್ ಮತ್ತು ಡೆನ್ಮಾರ್ಕಿನ ಹನ್ನೆ ಬಾರ್ತೊಲಿನ್ ಮಾಡಿದ ‘ಫ್ರಿಡಾ ಆಂಡ್ ಬೇರ್’ ಇದಕ್ಕಿಂತ ಸಲಿಗೆಯದು. ಬ್ರೌನ್ ತಾವು ಎಲ್ಲಿ ಹೋದರೂ ಮಕ್ಕಳಿಗೆ ಆಡಿಸುವ ಆಟ ಒಂದಿದೆ: ಒಬ್ಬರು ಅರ್ಥವಿಲ್ಲದ ಆಕಾರವೊಂದನ್ನು ಗೀಚಬೇಕು, ಇನ್ನೊಬ್ಬರು ಅದನ್ನು ಏನಾದರೂ ಆಗಿ ಬದಲಿಸಬೇಕು. ಪುಸ್ತಕದಲ್ಲಿ ಆನೆ, ಕರಡಿ ಆಡುವುದು ಇದೇ ಆಟ. ಇಲ್ಲಿ ಮಾತ್ರ ಎರಡು ಕೈಗಳೂ ಒಂದೇ ಚಿತ್ರಕ್ಕೆ ಇಳಿಯುತ್ತವೆ. ಆದರೆ ಒಂದರ ಆಮೇಲೆ ಇನ್ನೊಂದು, ಸರದಿಯ ಪ್ರಕಾರ.

ಈ ಜೋಡಿಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಹೊಳೆಯುತ್ತದೆ. ಯಾರೂ ಇನ್ನೊಬ್ಬರ ಹೆಗಲ ಮೇಲಿಂದ ಇಣುಕಿಲ್ಲ. ಕೂತು ಒಪ್ಪಿಕೊಂಡದ್ದು ನಿಯಮವೊಂದನ್ನು ಮಾತ್ರ: ಈ ವಾರ ಗಡಿಯಾರ, ಅಥವಾ ನಡುಪುಟದಲ್ಲಿ ಭೇಟಿ. ಮಿಕ್ಕಂತೆ ಅವರವರ ಮೇಜು ಅವರವರದು. ಈಗ ಒಂದೇ ಡಿಜಿಟಲ್ ಹಾಳೆಯನ್ನು ಬೆಂಗಳೂರಿನಲ್ಲೊಬ್ಬರು, ಬರ್ಲಿನ್ನಿನಲ್ಲೊಬ್ಬರು ಏಕಕಾಲಕ್ಕೆ ತೆರೆದಿಟ್ಟು ಗೆರೆ ಎಳೆಯಬಹುದು. ಇನ್ನೊಬ್ಬರ ಪೆನ್ನಿನ ತುದಿ ಪರದೆಯ ಮೇಲೆ ಓಡಾಡುವುದೂ ಕಾಣುತ್ತದೆ. ಕಚೇರಿ ಕೆಲಸಕ್ಕೆ, ಜಾಹೀರಾತಿಗೆ ಅದು ಬಲು ಅನುಕೂಲ. ಚಿತ್ರಕಾರನಿಗೆ ಅದು ಎಷ್ಟು ಒಳ್ಳೆಯದೋ ಅನುಮಾನ. ಅರ್ಧ ಎಳೆದ ಗೆರೆಗೇ ‘ಚೆನ್ನಾಗಿದೆ’ ಎಂಬ ಸಂದೇಶ ಬಂದರೆ ಆ ಗೆರೆ ಅಲ್ಲಿಗೇ ನಿಲ್ಲುತ್ತದೆ, ಮುಂದೆ ಎಡವಿ ಬೇರೇನೋ ಆಗುವ ಅವಕಾಶವೇ ಅದಕ್ಕಿಲ್ಲ. ಕಾರ್ಡು ತಲುಪಿ ಉತ್ತರ ಬರುವವರೆಗಿನ ಆ ಕೆಲವು ದಿನ ಲೂಪಿ, ಪೊಸಾವೆಕ್ ಇಬ್ಬರಿಗೂ ಯಾರ ಹೊಗಳಿಕೆಯ ಹಂಗೂ ಇರಲಿಲ್ಲ.

ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ಇನ್ನೊಂದು ತುದಿಯ ಉದಾಹರಣೆ. ಅಲ್ಲಿನ ಚಿತ್ರಗಳು ಮುಕ್ತ ಪರವಾನಗಿಯವು. ಒಂದು ಕತೆಗೆ ಬಿಡಿಸಿದ ಚಿತ್ರವನ್ನು ಬೇರೆ ದೇಶದ, ಬೇರೆ ಭಾಷೆಯ ಯಾರೋ ತಮ್ಮ ಕತೆಗೆ ಜೋಡಿಸಿಕೊಳ್ಳಬಹುದು. ದೂರ ಇದೆ, ಕೊಡುಕೊಳ್ಳುವುದೂ ಇದೆ, ಒಪ್ಪಂದದ ಮಾತುಕತೆ ಮಾತ್ರ ಇಲ್ಲ. ಕತೆಗಳು ಬಹಳ ಹುಟ್ಟುತ್ತವೆ. ಕಾರ್ಲ್, ಇವಾಮುರಾ ಅವರದರಂತೆ ಇಬ್ಬರು ಸೇರಿ ಯೋಚಿಸಿದ ಪುಸ್ತಕ ಹಾಗೆ ಹುಟ್ಟುವುದು ಕಷ್ಟ.

ಅಂಥ ಪುಸ್ತಕಕ್ಕೆ ಕರ್ನಾಟಕದಲ್ಲಿ ಸಾಮಗ್ರಿ ಸಿದ್ಧವಾಗಿಯೇ ಇದೆ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ಬೀದರ್, ಕಲಬುರಗಿಯ ಬೀದಿಗಳಲ್ಲಿ ಎರಡು ಲಿಪಿಯೂ ಒಂದೇ ಅಂಗಡಿಯ ಬೋರ್ಡಿನ ಮೇಲಿರುತ್ತವೆ. ಕನ್ನಡ ಶಾಲೆ, ಉರ್ದು ಶಾಲೆ ಒಂದೇ ಓಣಿಯಲ್ಲಿರುತ್ತವೆ. ಕನ್ನಡದ ಬದಿಯನ್ನು ಧಾರವಾಡದ ಚಿತ್ರಕಾರರೊಬ್ಬರು ಬಿಡಿಸಬಹುದು, ಉರ್ದುವಿನ ಬದಿಯನ್ನು ದುಬೈಯಲ್ಲಿ ನೆಲೆಸಿದ ಇನ್ನೊಬ್ಬರು. ಮಡಿಕೆ ಬಿಚ್ಚುವ ಪುಟಗಳ ಖರ್ಚೂ ಬೇಕಿಲ್ಲ. 16 ಪುಟದ ಒಂದೇ ಫಾರಂ ಮಡಿಸಿ ಸೆಂಟರ್ ಪಿನ್ ಹೊಡೆದರೆ 8, 9ನೇ ಪುಟಗಳು ಹೇಗೂ ಒಂದೇ ಅಖಂಡ ಹಾಳೆ. ಎರಡೂ ಕತೆ ಬಂದು ಸೇರಲು ಅಷ್ಟು ಜಾಗ ಧಾರಾಳವಾಯಿತು. ಪ್ರೆಸ್ಸಿನವರು ಎತ್ತಬಹುದಾದ ತಕರಾರು ಒಂದೇ: ಎರಡೂ ಮುಖಪುಟವಾದರೆ ಬೆಲೆ, ಬಾರ್‌ಕೋಡು ಎಲ್ಲಿ ಹಾಕುವುದು? ರಟ್ಟಿನ ಒಳಬದಿಯಲ್ಲಿ ಹಾಕಿದರಾಯಿತು.